ಅಧಿಕಾರವೆಂದರೆ ಅರ್ಹತೆ

ಶಾಸ್ತ್ರಗ್ರಂಥಗಳಲ್ಲಿ ‘ಅಧಿಕಾರ’ ಎಂಬ ಪದಕ್ಕೆ ಒಡೆತನವೆಂಬುದೊಂದೇ ಅರ್ಥವಲ್ಲ. ಒಂದು ಕಾರ್ಯವನ್ನು ಮಾಡಲು ಬೇಕಾದ ಅರ್ಹತೆಯೆಂಬ ಅರ್ಥವೂ ಉಂಟು. ಆಡಳಿತ ಕಾನೂನೆಂದು ವಿದ್ಯಾರ್ಥಿಗಳು ಅಭ್ಯಸಿಸುವ ಶಾಸ್ತ್ರದ ತಿರುಳೂ ಇದೇ. ಶಾಸನವು ಕೊಟ್ಟಷ್ಟೇ ಸರ್ಕಾರಕ್ಕೆ ಅಧಿಕಾರ. ಆ ಎಲ್ಲೆಯನ್ನು ಮೀರಿದ ಆಜ್ಞೆಯು, ಅದರ ಮೇಲೆ ಎಷ್ಟು ಮೊಹರುಗಳು ಬಿದ್ದಿದ್ದರೂ, ನ್ಯಾಯಾಲಯದಲ್ಲಿ ನಿಲ್ಲಲಾರದು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಅಂಚಿನಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಮೂರ್ಕಲ್ ಎಂಬ ಸ್ಥಳವಿದೆ. ಅಲ್ಲಿ ಪ್ರವಾಸಿಗರ ವಸತಿಗೃಹ ನಡೆಸಲು ರಾಜ್ಯ ಸರ್ಕಾರವು ತಾಜ್ ಸಮೂಹದ ಹೋಟೆಲು ಸಂಸ್ಥೆಗೆ ಗುತ್ತಿಗೆ ನೀಡಿತು. ಜೇನುಕುರುಬರೇ ಮೊದಲಾದ ಕಾಡಿನ ಮಕ್ಕಳು ಪ್ರತಿಭಟಿಸಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1997ರಲ್ಲಿ ನ್ಯಾಯಾಲಯವು ಆ ಗುತ್ತಿಗೆ ಕಾನೂನುಬಾಹಿರವೆಂದು ತೀರ್ಪಿತ್ತಿತು.

ತೀರ್ಪಿನ ಆಧಾರವನ್ನು ಓದುಗರು ಗಮನಿಸಬೇಕು. ಕಾಡಿನಲ್ಲಿ ಹೋಟೆಲು ಲಾಭಕರವೇ ಎಂಬುದು ಅಲ್ಲಿ ನಿರ್ಣಾಯಕವಾಗಲಿಲ್ಲ. ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡುವ ಮುನ್ನ ಕೇಂದ್ರ ಸರ್ಕಾರದ ಅನುಮತಿ ಪಡೆಯಬೇಕೆಂದು 1980ರ ಅರಣ್ಯ ಸಂರಕ್ಷಣಾ ಕಾಯಿದೆ ವಿಧಿಸಿತ್ತು. ಆ ಅನುಮತಿಯಿಲ್ಲದೆ ರಾಜ್ಯಕ್ಕೆ ಗುತ್ತಿಗೆ ಕೊಡುವ ಅರ್ಹತೆಯೇ ಇರಲಿಲ್ಲ. ಸಂವಿಧಾನದ 226ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯವು ಸಾಮಾನ್ಯವಾಗಿ ಪರಿಶೀಲಿಸುವುದು ಇಂಥ ವಿಷಯಗಳನ್ನೇ: ಅಧಿಕಾರವಿತ್ತೇ? ವಿಧಿಸಿದ ಕ್ರಮವನ್ನು ಅನುಸರಿಸಲಾಯಿತೇ? ಬಾಧಿತರ ಅಹವಾಲನ್ನು ಕೇಳಲಾಯಿತೇ? ಆಡಳಿತವನ್ನು ತಾನೇ ನಡೆಸುವುದು ನ್ಯಾಯಾಲಯದ ಕೆಲಸವಲ್ಲ. ಆಡಳಿತ ಎಲ್ಲೆ ಮೀರದಂತೆ ಕಾಯುವುದು ಅದರ ಕೆಲಸ.

ಆದರೆ ತಪ್ಪು ಆಜ್ಞೆಯನ್ನು ರದ್ದುಗೊಳಿಸಿದ ಮಾತ್ರಕ್ಕೆ ನೊಂದವರ ಹಕ್ಕು ಕೈಗೆ ಬಂದಂತಾಗದು. ಹೋಟೆಲು ನಿಂತಿತು, ಅದಕ್ಕೂ ಮೊದಲೇ ಕಾಡಿನಿಂದ ಹೊರಬಿದ್ದವರ ಪಾಡು ಹಾಗೆಯೇ ಉಳಿಯಿತು. ಉಚ್ಚ ನ್ಯಾಯಾಲಯ ನೇಮಿಸಿದ ಪ್ರೊ. ಮುಜಫರ್ ಅಸ್ಸಾದಿಯವರ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯು ಹಕ್ಕನ್ನು ನಿರ್ಣಯಿಸುವ ಮೊದಲ ಹೆಜ್ಜೆಯನ್ನು ಗ್ರಾಮಸಭೆಗೇ ಒಪ್ಪಿಸಿದೆ.

ಸರ್ಕಾರ ಮಾಡಬಾರದ್ದನ್ನು ತಡೆಯುವುದು ಈ ಶಾಸ್ತ್ರದ ಅರ್ಧಭಾಗ. ಮಾಡಲೇಬೇಕಾದುದನ್ನು ಮಾಡಿಸುವುದು ಉಳಿದರ್ಧ. ಮೊದಲನೆಯದಕ್ಕೆ ಒಂದು ತೀರ್ಪು ಸಾಕಾದೀತು. ಎರಡನೆಯದಕ್ಕೆ ಗ್ರಾಮಸಭೆಯಲ್ಲಿ ಕುಳಿತು, ಕಾಯಿದೆಯನ್ನು ಓದಿ, ಲಿಖಿತ ಉತ್ತರವನ್ನು ಕೇಳುವ ಜನರು ಬೇಕು. ಅಕ್ಷರ ಬಲ್ಲವರು ಅವರ ಪಕ್ಕದಲ್ಲಿ ಕುಳಿತು ಕಾಯಿದೆಯನ್ನು ಓದಿ ಹೇಳಿದರೆ, ಕಲಿತ ವಿದ್ಯೆ ಸಾರ್ಥಕವಾಗುತ್ತದೆ.