ರೋಣ: ಎರಡಕ್ಷರ, ಒಂಬತ್ತು ಬೈಟ್
ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಊರುಗಳ ಹೆಸರನ್ನು ಸಿ ಭಾಷೆಯ ತಂತ್ರಾಂಶವೊಂದಕ್ಕೆ ಕೊಡಬೇಕಿದೆ ಎಂದುಕೊಳ್ಳೋಣ. ಕಮಾಂಡ್ ಲೈನ್‌ನಲ್ಲಿ ತಂತ್ರಾಂಶದ ಹೆಸರು ಬರೆದು, ನಡುವೆ ಜಾಗ ಬಿಟ್ಟು ಮೂರೂ ಹೆಸರುಗಳನ್ನು ಬರೆದರಾಯಿತು. ಆದರೆ ಅವು ಒಳಗೆ ತಲುಪುವ ಬಗೆಯನ್ನು ಅರಿಯದವರು ಎಡವುವುದು ಖಚಿತ.

ಎಣಿಕೆ ಮತ್ತು ಪಟ್ಟಿ

ಸಿ ತಂತ್ರಾಂಶದ ಹೆಬ್ಬಾಗಿಲಾದ ಮೇನ್ ಫಂಕ್ಷನ್‌ಗೆ ಎರಡು ಸಂಗತಿಗಳು ಬರುತ್ತವೆ. ಆರ್ಗ್‌ಸಿ ಎಂಬುದು ಎಣಿಕೆ. ಆರ್ಗ್‌ವಿ ಎಂಬುದು ಸ್ಟ್ರಿಂಗ್‌ಗಳ ವಿಳಾಸಗಳ ಪಟ್ಟಿ. ಇಲ್ಲಿ ಎಣಿಕೆ 3 ಅಲ್ಲ, 4. ಸೊನ್ನೆಯ ಸ್ಥಾನ ವಾಡಿಕೆಯಂತೆ ತಂತ್ರಾಂಶದ ಹೆಸರಿಗೇ ಮೀಸಲು. 1ರಿಂದ 3ರವರೆಗೆ ಊರುಗಳು. 4ನೇ ಸ್ಥಾನದಲ್ಲಿ ಪಟ್ಟಿ ಮುಗಿಯಿತೆಂದು ಸೂಚಿಸುವ ನಲ್ ಪಾಯಿಂಟರ್. ಅಂಕಿ ಕೊಟ್ಟರೂ ಅದು ಬರುವುದು ಸ್ಟ್ರಿಂಗ್ ಆಗಿಯೇ, ಪರಿವರ್ತಿಸದೆ ಕೂಡಲಾಗದು. ಎರಡು ಹೆಸರುಗಳನ್ನು ಸಮಚಿಹ್ನೆಯಿಂದ ಹೋಲಿಸಿದರೆ ಹೋಲಿಕೆಯಾಗುವುದು ವಿಳಾಸ ಮಾತ್ರ. ಅಕ್ಷರಗಳನ್ನು ಹೋಲಿಸಲು ಸ್ಟ್ರ್‌ಸಿಎಂಪಿ ಬೇಕು.

ಕನ್ನಡದ ಲೆಕ್ಕವೇ ಬೇರೆ

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆ, ಅನುಸ್ವಾರ, ಹಲಂತಗಳೂ ಪ್ರತ್ಯೇಕ ಸಂಕೇತಗಳೇ. ಹೀಗಾಗಿ ಸ್ಟ್ರ್‌ಲೆನ್ ಪ್ರಕಾರ ರೋಣದ ಉದ್ದ 9, ನರಗುಂದದ್ದು 18, ಗಜೇಂದ್ರಗಡದ್ದು 27. ಕೊನೆಯ ಸೊನ್ನೆಗೆ ಇನ್ನೊಂದು ಬೈಟ್ ಸೇರಬೇಕು. ‘ಐದಕ್ಷರದ ಊರಿಗೆ 20 ಬೈಟ್ ಧಾರಾಳ’ ಎಂದು ಭಾವಿಸಿ ಸ್ಟ್ರ್‌ಸಿಪಿವೈ ಬಳಸಿದರೆ ಹೆಸರು ಪಕ್ಕದ ಸ್ಮೃತಿಕೋಶಕ್ಕೆ ಉಕ್ಕಿ ಹರಿಯುತ್ತದೆ. ಮಿತಿ ಹಾಕುವ ಎಸ್ಎನ್‌ಪ್ರಿಂಟ್‌ಎಫ್ ಬಳಸಿದರೆ ಅನಾಹುತ ತಪ್ಪುತ್ತದೆ. ಆದರೆ ಉಳಿಯುವುದು ‘ಗಜೇಂದ್’ ಮತ್ತು ಮುರಿದ ಒಂದು ಬೈಟ್. ದಾಖಲೆಯಲ್ಲಿ ಊರಿನ ಹೆಸರೇ ಅಂಗವಿಕಲವಾಗುತ್ತದೆ.

ಉಪೇಕ್ಷೆಯ ಬೆಲೆ

ಎಣಿಕೆಯನ್ನು ಪರೀಕ್ಷಿಸದಿದ್ದರೆ ಏನಾದೀತು ಎಂಬುದಕ್ಕೆ ಲಿನಕ್ಸ್‌ನ ಪಿಕೆಎಕ್ಸೆಕ್ ಸಾಕ್ಷಿ. ಆರ್ಗ್‌ಸಿ ಸೊನ್ನೆಯೂ ಆಗಬಹುದೆಂಬುದನ್ನು ಅದು ಗಮನಿಸದೆ 1ನೇ ಸ್ಥಾನವನ್ನು ಓದುತ್ತಿತ್ತು. ಅಲ್ಲಿದ್ದುದು ಪಟ್ಟಿಯಾಚೆಯ ಪರಿಸರ ಚರಾಂಶ. 2009ರಿಂದ ಅಡಗಿದ್ದ ಈ ದೋಷದಿಂದ ಸಾಮಾನ್ಯ ಬಳಕೆದಾರನೂ ಗಣಕದ ಸಂಪೂರ್ಣ ಅಧಿಕಾರ ಪಡೆಯಬಹುದಿತ್ತು. ಕ್ವಾಲಿಸ್ ಸಂಸ್ಥೆ 2022ರ ಜನವರಿಯಲ್ಲಿ ಇದನ್ನು ಬಹಿರಂಗಪಡಿಸಿತು. ಅದೇ ವರ್ಷ ಲಿನಕ್ಸ್ 5.18 ಕರ್ನೆಲ್ ಎಣಿಕೆ ಸೊನ್ನೆಯಾಗದಂತೆ ತಡೆಯಿತು.

ಆದ್ದರಿಂದ ಸಿ ಕಲಿಯುವವರು ಪಾಲಿಸಬೇಕಾದ ಕ್ರಮ ಸರಳ: ಮೊದಲು ಆರ್ಗ್‌ಸಿ ನೋಡಬೇಕು, ಬಳಿಕ ಆರ್ಗ್‌ವಿ ಮುಟ್ಟಬೇಕು. ಜಾಗವನ್ನು ಅಕ್ಷರ ಎಣಿಸಿ ಅಲ್ಲ, ಬೈಟ್ ಅಳೆದು, ಒಂದು ಕೂಡಿಸಿ ಮೀಸಲಿಡಬೇಕು.