ಓಕರಿಕೆಯೂ ಹಲ್ಲಿನ ಚಿತ್ರವೂ

ತಿಂಗಳುಗಟ್ಟಲೆ ಹಲ್ಲುನೋವನ್ನು ಸಹಿಸಿಕೊಂಡು, ಹಲ್ಲಿನ ಚಿತ್ರ ತೆಗೆಸುವುದಕ್ಕೆ ಮಾತ್ರ ಒಪ್ಪದವರನ್ನು ಯಾದಗಿರಿಯ ಸೀಮೆಯಲ್ಲಿ ನಾನು ಬಹಳವಾಗಿ ಕಂಡಿದ್ದೇನೆ. ಸುರಪುರದ ಕಡೆಯ ಹಿರಿಯ ರೈತರೊಬ್ಬರು, ಗಟ್ಟಿ ಆಳು, ನನ್ನ ಕುರ್ಚಿಯಲ್ಲಿ ಕುಳಿತು, "ಆಗಂಗಿಲ್ರೀ ಡಾಕ್ಟರ್ ಸಾಹೇಬ್ರ, ಅದು ಬಾಯಾಗ ಬಂತಂದ್ರ ಹೊಟ್ಯಾಗಿಂದೆಲ್ಲ ಹೊರಗ ಬರತೈತ್ರೀ" ಎಂದು ತಲೆ ತಗ್ಗಿಸಿದರು. ಅವರ ಮುಖದಲ್ಲಿ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ನಾಚುವಂಥದು ಇದರಲ್ಲಿ ಏನೂ ಇಲ್ಲ. ಓಕರಿಕೆ ಉಸಿರಿನ ದಾರಿಗೆ ದೇಹವಿಟ್ಟ ಕಾವಲು. ಮೆದು ಅಂಗುಳ, ನಾಲಗೆಯ ಬುಡ, ಗಂಟಲಿನ ಹಿಂಗೋಡೆ, ಇವನ್ನು ಅನ್ಯವಸ್ತು ಸೋಕಿದೊಡನೆ ಒಂಬತ್ತನೆಯ ಕಪಾಲನರವು ಸುದ್ದಿಯನ್ನು ಮಿದುಳಿನ ಬುಡಕ್ಕೆ ಒಯ್ಯುತ್ತದೆ. ಮುಖ್ಯವಾಗಿ ಹತ್ತನೆಯ ನರವು ಗಂಟಲ ಸ್ನಾಯುಗಳಿಗೆ ಅಪ್ಪಣೆ ತರುತ್ತದೆ. ಮನಸ್ಸಿನ ಒಪ್ಪಿಗೆಯನ್ನು ಕೇಳುವಷ್ಟು ವ್ಯವಧಾನ ಅಲ್ಲಿಲ್ಲ. ಕೆಲವರಲ್ಲಿ ಈ ಕಾವಲು ಅತಿ ಚುರುಕು. ಭಯವೂ ಸೇರಿದರೆ ಫಿಲ್ಮನ್ನು ಕಂಡಾಗಲೇ ಉಕ್ಕಿಬರುವುದುಂಟು.

ಚಿತ್ರವನ್ನು ಬಿಟ್ಟುಬಿಡೋಣವೆಂದರೆ, ಹಲ್ಲಿನ ಬೇರು ಮೂಳೆಯೊಳಗೆ ಅಡಗಿದೆ. ಅದರ ತುದಿಯ ಕೀವು ಬರಿಗಣ್ಣಿಗೆ ಕಾಣದು. ಕೆಳದವಡೆಯ ಕೊನೆಯ ಹಲ್ಲುಗಳ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಿಗೇ ಸಂಚಕಾರ.

ರೋಂಟ್ಗನ್ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರಿನಲ್ಲಿ. ಮುಂದಿನ ಜನವರಿಯಲ್ಲೇ ಜರ್ಮನಿಯ ವಾಲ್ಕಾಫ್ ಎಂಬ ದಂತವೈದ್ಯ ಗಾಜಿನ ಫಲಕವನ್ನು ತನ್ನ ಬಾಯಲ್ಲೇ ಇಟ್ಟುಕೊಂಡು 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡ! ಪುಣ್ಯಾತ್ಮನಿಗೆ ಓಕರಿಕೆ ಇರಲಿಲ್ಲವೆಂದು ತೋರುತ್ತದೆ. ಈಗ ಕಿರಣ ಬೀಳುವುದು ಸೆಕೆಂಡಿನ ಒಂದು ಅಂಶದಷ್ಟು ಹೊತ್ತು ಮಾತ್ರ. ಆದ್ದರಿಂದ ತೊಡಕಿರುವುದು ಬಾಯಲ್ಲಿ ಇಡುವ ಕೆಲಸದಲ್ಲಿ. ಹೊಸ ಡಿಜಿಟಲ್ ಸೆನ್ಸರು ಹಳೆಯ ಫಿಲ್ಮಿಗಿಂತ ದಪ್ಪ, ಬಗ್ಗದು. ಇಂಥವರಿಗೆ ಅದು ಹೆಚ್ಚು ಕಷ್ಟವಾಗುವುದೂ ಉಂಟು.

ಯಂತ್ರದ ಕೋನ, ಕಾಲಗಳನ್ನೆಲ್ಲ ಮೊದಲೇ ಹೊಂದಿಸಿಕೊಂಡು, ಮುಂಬಲ್ಲಿನಿಂದ ಆರಂಭಿಸಿ, ಮೇಲಿನ ಕೊನೆಯ ದವಡೆಹಲ್ಲನ್ನು ಕಟ್ಟಕಡೆಗೆ ಉಳಿಸಿಕೊಳ್ಳಬೇಕು. ಅಂಗುಳದ ಮೇಲೆ ಫಿಲ್ಮನ್ನು ಎಳೆದಾಡಬಾರದು. ಒಮ್ಮೆಲೇ ದೃಢವಾಗಿ ಇಡಬೇಕು. ರೋಗಿ ಮೂಗಿನಿಂದ ಉಸಿರಾಡುತ್ತ ಒಂದು ಕಾಲನ್ನು ಎತ್ತಿ ಹಿಡಿಯಬೇಕು. ನಗಬೇಡಿ; ಮನಸ್ಸು ಕಾಲಿನ ಕಡೆ ಹೋದರೆ ಗಂಟಲು ತುಸು ಸುಮ್ಮನಾಗುತ್ತದೆ. ನಾಲಗೆಯ ತುದಿಗೆ ಚಿಟಿಕೆ ಉಪ್ಪು ಹಾಕುವುದೂ ಇದೇ ಜಾತಿಯ ಉಪಾಯ. ಆ ಹಿರಿಯರಿಗೆ ಉಪ್ಪು ಸಾಕಾಯಿತು. ಸಾಲದವರಿಗೆ ಮರಗಟ್ಟಿಸುವ ಔಷಧಿಯ ಸಿಂಪಡಿಕೆ ಇದೆ.

ಇದಾವುದಕ್ಕೂ ಬಗ್ಗದವರಿಗೆ ಬಾಯಿಯ ಹೊರಗಿನಿಂದಲೇ ತೆಗೆಯುವ ಚಿತ್ರವಿದೆ. ಯಂತ್ರವು ತಲೆಯನ್ನು ಸುತ್ತಿ ಎರಡೂ ದವಡೆಗಳನ್ನು ಒಂದೇ ಚಿತ್ರಕ್ಕೆ ತರುತ್ತದೆ. ಫಿನ್ಲೆಂಡಿನ ಪಾಟೆರೊ ಇದನ್ನು ರೂಪಿಸಿದವರಲ್ಲಿ ಪ್ರಮುಖ. ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧ ಕಾಣಬೇಕಾದರೆ ದೂರ ನಿಲ್ಲಬೇಕಷ್ಟೆ. ಬಂಡೆಯ ಬಿರುಕು ಕಾಣಬೇಕಾದರೆ ಹತ್ತಿರ ಹೋಗಲೇಬೇಕು. ಹಾಗೆಯೇ ಹೊರಚಿತ್ರದಲ್ಲಿ ಹುದುಗಿದ ಹಲ್ಲು, ದೊಡ್ಡ ಕೀವಿನ ಗೂಡು ಕಾಣುತ್ತವೆ. ಸಣ್ಣ ಹುಳುಕು ತಪ್ಪಿಹೋಗಬಹುದು.

ಚಿಕಿತ್ಸಾಲಯಕ್ಕೆ ಕಾಲಿಟ್ಟೊಡನೆ "ನನಗೆ ಓಕರಿಕೆ ಬರುತ್ತದೆ" ಎಂದುಬಿಡಿ. ಹೊರಚಿತ್ರದ ಯಂತ್ರ ಅಲ್ಲಿದೆಯೇ ಎಂದೂ ವಿಚಾರಿಸಿ. ಇಲ್ಲದಿದ್ದರೆ ಕಲಬುರಗಿಯ ದಂತವೈದ್ಯಕೀಯ ಕಾಲೇಜುಗಳಿಗೆ ಚೀಟಿ ಬರೆಸಿಕೊಳ್ಳಬಹುದು.