ಸಂತ ಗೋವನ್ ಪ್ರಾರ್ಥನಾಮಂದಿರ: ಕಟ್ಟಡ ಮತ್ತು ಐತಿಹ್ಯ

ಸ್ಮಾರಕವೊಂದರ ಅಧ್ಯಯನದಲ್ಲಿ ಕಟ್ಟಡದ ಕಾಲವನ್ನೂ ಅದಕ್ಕೆ ಸಂಬಂಧಿಸಿದ ಐತಿಹ್ಯದ ಕಾಲವನ್ನೂ ಒಂದೆಂದು ಭಾವಿಸುವ ಅಪಾಯ ಸದಾ ಇರುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡಿದಾಗಲೇ ಅವುಗಳ ಪರಸ್ಪರ ಸಂಬಂಧ ಸ್ಪಷ್ಟವಾಗುತ್ತದೆ. ವೇಲ್ಸಿನ ನೈಋತ್ಯ ಭಾಗದಲ್ಲಿರುವ ಪೆಂಬ್ರೋಕ್‌ಶೈರಿನ ಸಂತ ಗೋವನ್ ಪ್ರಾರ್ಥನಾಮಂದಿರ ಇದಕ್ಕೊಂದು ನಿದರ್ಶನ.

ಬಾಷರ್ಸ್ಟನ್ ಗ್ರಾಮದ ದಕ್ಷಿಣಕ್ಕೆ, ಕಡಲತೀರದ ಸುಣ್ಣಕಲ್ಲಿನ ಬಂಡೆಗಳ ಸಂದಿನಲ್ಲಿ ಈ ಮಂದಿರವಿದೆ. ಸುಮಾರು 20 ಅಡಿ ಉದ್ದ, 12 ಅಡಿ ಅಗಲದ ಒಂದೇ ಕೋಣೆ. ಒಳಗೆ ಕಲ್ಲಿನ ಪೂಜಾವೇದಿಕೆ, ಅದರಾಚೆ ಬಂಡೆಯ ಬಿರುಕಿನಲ್ಲಿ ಒಬ್ಬರು ನಿಲ್ಲುವಷ್ಟು ಗುಹೆ. ಮೇಲಿನಿಂದ ಕಡಿದಾದ ಕಲ್ಲಿನ ಮೆಟ್ಟಿಲುಗಳನ್ನಿಳಿದು ಇಲ್ಲಿಗೆ ಬರಬೇಕು. ಮಂದಿರದ ಕೆಳಗಿರುವ ಪವಿತ್ರ ಬಾವಿ ಈಗ ಬತ್ತಿದೆ. ಈಗಿರುವ ಕಟ್ಟಡದ ಬಹುಭಾಗ 13-14ನೆಯ ಶತಮಾನಗಳಿಗೆ ಸೇರಿದುದು.

ಐತಿಹ್ಯವಾದರೋ 6ನೆಯ ಶತಮಾನದ್ದು. ಐರ್ಲೆಂಡಿನ ಸಂನ್ಯಾಸಿ ಗೋವನನನ್ನು ಕಡಲುಗಳ್ಳರು ಬೆನ್ನಟ್ಟಿದಾಗ ಬಂಡೆ ಬಾಯ್ದೆರೆದು ಅವನನ್ನು ಮರೆಮಾಡಿತಂತೆ. ಅವನ ಪಕ್ಕೆಲುಬುಗಳ ಗುರುತು ಕಲ್ಲಿನಲ್ಲಿ ಉಳಿಯಿತಂತೆ. ಮೆಟ್ಟಿಲುಗಳನ್ನು ಇಳಿಯುವಾಗ ಬಂದ ಎಣಿಕೆ ಏರುವಾಗ ಬರುವುದಿಲ್ಲವೆಂಬ ನಂಬಿಕೆಯೂ ಇದೆ. ಈ ಕಥನದಿಂದ ಕಟ್ಟಡದ ಕಾಲನಿರ್ಣಯ ಸಾಧ್ಯವಿಲ್ಲ. ಆದರೆ ತಲುಪಲು ಇಷ್ಟು ದುರ್ಗಮವಾದ ಎಡೆಯಲ್ಲಿ ಮಂದಿರವನ್ನು ಏಕೆ ಕಟ್ಟಬೇಕಾಯಿತೆಂಬುದನ್ನು ಗೋಡೆಗಳು ಹೇಳಲಾರವು. ಆ ಬಿರುಕಿಗೆ ಜನಸಮುದಾಯ ಕೊಟ್ಟ ಅರ್ಥವನ್ನು ಐತಿಹ್ಯವೇ ಹೇಳುತ್ತದೆ. ಕಟ್ಟಡವು ಕಾಲಕ್ಕೆ ಆಕರವಾದರೆ ಐತಿಹ್ಯವು ಶ್ರದ್ಧೆಗೆ ಆಕರ.

ಮಂದಿರವು ಪ್ರಥಮ ದರ್ಜೆಯ ಕಟ್ಟಡಗಳ ಪಟ್ಟಿಯಲ್ಲಿದ್ದು, ಸಂರಕ್ಷಿತ ಸ್ಮಾರಕವೂ ಆಗಿದೆ. ವೇಲ್ಸಿನ ಪರಂಪರೆಯ ರಕ್ಷಣೆಗಾಗಿ 1984ರಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರು 'ಕಾಡೂ'. ವೆಲ್ಷ್ ಭಾಷೆಯಲ್ಲಿ ಈ ಪದಕ್ಕೆ 'ಕಾಪಾಡು' ಎಂದರ್ಥ. ಅಲ್ಲಿನ ಸ್ಮಾರಕಗಳಿಗೆ ಸಂಬಂಧಿಸಿದ ಕಾನೂನುಗಳನ್ನು 2023ರ ಅಧಿನಿಯಮವೊಂದು ಕ್ರೋಡೀಕರಿಸಿತು. ಆದರೆ ಕಾನೂನು ಕಾಯುವುದು ಕಲ್ಲನ್ನು. ಐತಿಹ್ಯ ಉಳಿಯುವುದು ಜನರ ಬರವು ಮತ್ತು ಮಾತುಗಳಿಂದ. ಮಂದಿರದ ದಾರಿ ಕ್ಯಾಸಲ್‌ಮಾರ್ಟಿನ್ ಸೇನಾ ತಾಲೀಮು ವಲಯದ ಮೂಲಕ ಸಾಗುವುದರಿಂದ ಗುಂಡಿನ ಅಭ್ಯಾಸವಿರುವಾಗ ಅದು ಮುಚ್ಚಿರುತ್ತದೆ. ಹಾಗೆ ದಾರಿ ಮುಚ್ಚಿದಾಗ ಗೋಡೆಗಳಿಗೆ ಹಾನಿಯಿಲ್ಲದಿರಬಹುದು. ಆದರೆ ಮೆಟ್ಟಿಲುಗಳನ್ನು ಎಣಿಸುವವರಿಲ್ಲದೆ ಆ ನಂಬಿಕೆಗೆ ನೆಲೆಯಿರುವುದಿಲ್ಲ. ಆದುದರಿಂದ ಇಂತಹ ಸ್ಮಾರಕಗಳ ದಾಖಲೀಕರಣದಲ್ಲಿ ವಾಸ್ತುವಿವರದಷ್ಟೇ ಸ್ಥಳೈತಿಹ್ಯದ ಸಂಗ್ರಹವೂ ಅಗತ್ಯವೆನಿಸುತ್ತದೆ.